ಹತ್ತನೆಯ ಹೆಸರು

ಭಾಗ್ಯ, ಅಂದು ತಪ್ಪು ನಿನ್ನದಾಗಿರಲಿಲ್ಲ. ಆ ಸಂಜೆಯೇ ಅದು ನನಗೆ ಗೊತ್ತಾಯಿತು — ಮೂರು ವರ್ಷವಾದರೂ ಹೇಳಲಿಲ್ಲ.

ಮಧುಗಿರಿಯ ಕಂಪ್ಯೂಟರ್ ತರಗತಿಯಲ್ಲಿ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದೆ. ಜಾವಾ ಬಿಟ್ಟು ಅದನ್ನೇ ಏಕೆ ಆರಿಸಿದಿರಿ ಎಂದು ನೀನು ಮೊದಲ ವಾರವೇ ಕೇಳಿದ್ದೆ. ಕೆಲಸ ಸಿಗುವುದು ಅದಕ್ಕೇ ಎಂದಿದ್ದೆ ನಾನು. ನಿಜವೆಂದರೆ, ಎಐ ಅದನ್ನು ತಡವರಿಸದೆ ಬರೆದುಕೊಡುತ್ತಿತ್ತು. ನಾನು ಅದನ್ನು ನಕಲು ಮಾಡಿಕೊಂಡು ಬಂದು ಕಲಿಸುತ್ತಿದ್ದೆ. ಎಲ್ಲ ಸಾಲೂ ನನಗೆ ಅರ್ಥವಾಗುತ್ತಿತ್ತೇ — ಇಲ್ಲ.

ಆ ದಿನ ಕರೆಂಟ್ ಇರಲಿಲ್ಲ. ಹತ್ತು ಹೆಸರುಗಳನ್ನು ಒಂದೊಂದಾಗಿ ತೋರಿಸುವ ಪ್ರೋಗ್ರಾಮನ್ನು ಬೋರ್ಡಿನ ಮೇಲೆ ಬರೆದೆ. ಎಲ್ಲರೂ ಬರೆದುಕೊಂಡರು. ನೀನು ಮಾತ್ರ, ದೊಡ್ಡಿಯಿಂದ ಮನೆಯ ಕುರಿಗಳನ್ನು ಹೊರಬಿಡುತ್ತ ಎಣಿಸುವವಳಂತೆ, ಬೆರಳು ಮಡಚುತ್ತ ಕೂತಿದ್ದೆ.

“ಮೇಡಂ, ಇದ್ರಾಗೆ ಒಂಬತ್ತೇ ಬತ್ತವೆ. ಕೊನೇ ಕುರಿ ರೊಪ್ಪದಾಗೇ ಉಳ್ಕಂತೈತೆ.”

“ಲೇ ಭಾಗ್ಯ, ಪೈಥಾನ್ ಕಲಿಯಕ್ ಬಂದಿದೀಯಾ, ಕುರಿ ಎಣ್ಸಕಾ?” ಎಂದಳು ಹಿಂದಿನ ಬೆಂಚಿನ ಗೆಳತಿ.

“ಎರಡೂ ಒಂದೇ ಕಣೇ, ಬುಡು.”

ತರಗತಿ ನಕ್ಕಿತು. ನಾನು ನಗಲಿಲ್ಲ. ಬೋರ್ಡಿನ ಹತ್ತಿರ ಬಂದು ತೋರಿಸುತ್ತೇನೆಂದು ನೀನು ಎದ್ದೆ.

“ಕೂತ್ಕೋ. ನಿನಗಿದು ಹತ್ತಲ್ಲ. ಇನ್ನು ಮೇಲೆ ಎಲ್ಲಾ ಎಐ ಬರೆಯುತ್ತೆ, ನಿನಗೆ ಯಾವ ಭಾಷೆನೂ ಬೇಡ. ಟೈಪಿಂಗ್‌ಗೆ ಸೇರ್ಕೋ,” ಎಂದೆ ನಾನು.

“ಆಯ್ತು ಮೇಡಂ,” ಎಂದೆ ನೀನು. ಪುಸ್ತಕ ಮುಚ್ಚಿ ನಿನ್ನೂರು ದೊಡ್ಡೇರಿಯ ಬಸ್ಸಿಗೆ ಹೋದೆ.

ಐದು ಗಂಟೆಗೆ ಕರೆಂಟ್ ಬಂತು. ನಾನು ಪ್ರೋಗ್ರಾಮ್ ಓಡಿಸಿದೆ. ಒಂಬತ್ತು ಹೆಸರು. ಒಂದು ಅಂಕಿ ತಿದ್ದಿದೆ — ಹತ್ತೂ ಬಂದವು. ನಿನ್ನ ನಂಬರು ರಿಜಿಸ್ಟರಿನಲ್ಲಿತ್ತು. ಫೋನ್ ಮಾಡಲಿಲ್ಲ. ಮರುದಿನ ತಿದ್ದಿದ್ದನ್ನು ನನ್ನದೇ ಎಂಬಂತೆ ಬರೆದೆ. ಆಗ ನೀನು ಪಕ್ಕದ ಕೋಣೆಯಲ್ಲಿ ಟೈಪಿಂಗ್ ಕಲಿಯುತ್ತಿದ್ದೆ.

ಈಗ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತೀಯ. ಹೋದ ವಾರ ನನ್ನದೂ ಒಂದು ಅರ್ಜಿಯಿತ್ತು, ಅಲ್ಲಿಗೆ ಬಂದೆ. ನೀನು ಸ್ಟೂಲ್ ಸರಿಸಿಕೊಟ್ಟೆ.

“ನೀವು ಅವತ್ತೇ ಸರ್ಯಾಗ್ ಹೇಳಿದ್ರಿ ಮೇಡಂ, ಪ್ರೋಗ್ರಾಮೆಲ್ಲ ನಮ್ಗೆ ಹತ್ತಕಿಲ್ಲ ಅಂತ. ನಮ್ ತಂಗೀನೂ ಕಲೀತೀನಿ ಅಂತಿದ್ಲು. ಬ್ಯಾಡ ಕಣಮ್ಮ ಅಂದೆ.”

ಆಗಲಾದರೂ ಹೇಳಬಹುದಿತ್ತು. ಅರ್ಜಿ ಮಡಚಿಕೊಂಡು ಬಂದೆ.

ಸೋಮವಾರ ಆ ತಪ್ಪು ಪ್ರೋಗ್ರಾಮನ್ನೇ ಬೋರ್ಡಿನ ಮೇಲೆ ಬರೆದು, ಹಿಡಿದವಳು ಯಾರು, ಅವಳಿಗೆ ನಾನೇನೆಂದೆ ಎಂಬುದನ್ನು ಮಕ್ಕಳಿಗೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಕಾಗದವನ್ನು ನಿನ್ನ ಕೈಗೇ ಕೊಡಬೇಕು. ಇದನ್ನು ನಿನ್ನ ತಂಗಿಗೂ ಓದಿ ಹೇಳು. ಕ್ಷಮಿಸು ಎನ್ನಲು ಅಲ್ಲ — ನಾನು ಮುಖವನ್ನೇ ನೋಡಿರದ ಆ ಹುಡುಗಿಗೂ ನನ್ನ ಸುಳ್ಳು ತಲುಪಿಬಿಟ್ಟಿದೆ.