ಭಂಡಾರದ ಮೇಲೆ ಬಿದ್ದ ಮಣ್ಣು

ಸುವರ್ಣಾ ವೈನಿ, ನಿಮ್ಮ ಮನೆಯ ಅಡುಗೆಕೋಣೆಯ ಮೂಲೆ ಬಿರಿದದ್ದು ನಿಮ್ಮ ಕೈಯಿಂದಲ್ಲ, ನನ್ನ ಕಾಲಿನಿಂದ. ಆ ಮೂಲೆಯ ಅಡಿಪಾಯದ ಪೈಲ್ ಗುಂಡಿಯೊಳಗೆ ಮಣ್ಣು ಕೆಡವಿದವನು ನಾನು. ಬಿದ್ದದ್ದನ್ನು ಕಣ್ಣಾರೆ ಕಂಡು 'ಸ್ವಚ್ಛ ಅದ' ಎಂದವನೂ ನಾನೇ.

ಅಷ್ಟೇ. ಹೇಳಿ ಮುಗಿಯಿತು. ಇಷ್ಟು ಸಣ್ಣ ಮಾತನ್ನು ಇಷ್ಟು ದಿನ ಹೊತ್ತು ತಿರುಗಿ ಸಾಕಾಗಿಹೋಗಿದೆ. ಹತ್ತೊಂಬತ್ತು ತುಂಬುವ ಮೊದಲೇ ನನಗೆ ಮುಪ್ಪು ಬಂದಿದೆ ಎಂದರೆ ನೀವು ನಗುತ್ತೀರಿ. ನಗಿ. ಜನರನ್ನು ನಗಿಸುವುದೊಂದೇ ನನಗೆ ಬರುವ ಕೆಲಸ, ಇದೆಲ್ಲ ಆದದ್ದೂ ಅದರಿಂದಲೇ…

ಆಗ ಹತ್ತನೆಯದು ಮುಗಿಸಿ ಖಾಲಿ ಕೂತಿದ್ದೆ. ಉಮರ್ಗಾದ ಕಾಲೇಜು ಶುರುವಾಗಲು ಇನ್ನೂ ಸಮಯವಿತ್ತು. ನಮ್ಮಪ್ಪನ ತಮ್ಮ ಬಸವಂತ ಕಾಕಾ ಎರೆ ಹೊಲಗಳ ನಡುವೆ ಕಟ್ಟುವ ಮನೆಗಳಿಗೆ ಪೈಲ್ ಹಾಕುವ ಕೆಲಸ ಹಿಡಿಯುತ್ತಿದ್ದ. ಗುಂಜೋಟಿಯಲ್ಲಿ ನಿಮ್ಮ ಮಾವ ಮಾಳಪ್ಪ ಮಾಮಾನ ಮನೆಯ ಕೆಲಸ ಬಂದಾಗ ನನ್ನನ್ನೂ ಎಳೆದುಕೊಂಡು ಹೋದ. ಮನೆಯಲ್ಲಿದ್ದರೆ ಮಾತಾಡಿ ಮಾತಾಡಿ ಎಮ್ಮೆಯ ಹಾಲು ಒಡೆಸುತ್ತೇನೆ ಎಂದು ಅವ್ವ ಕಳಿಸಿಕೊಟ್ಟಳು.

ನಮ್ಮ ಕಪ್ಪು ಎರೆ ಮಣ್ಣಿನ ಗುಣ ನಿಮಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುರಿಮರಿ ಬಿದ್ದುಹೋಗುವಷ್ಟು ಬಾಯಿ ಬಿಡುತ್ತದೆ — ಇಲ್ಲ, ಮರಿಯ ಕಾಲು ಸಿಕ್ಕಿಕೊಳ್ಳುವಷ್ಟು. ನೋಡಿ, ಇದೇ ನನ್ನ ಚಾಳಿ. ಕಾಲು ಸಿಕ್ಕಿದ್ದನ್ನು ಇಡೀ ಮರಿಯೇ ಬಿತ್ತು ಎನ್ನುತ್ತೇನೆ. ಕೇಳುವವರು ನಕ್ಕರೆ ಅದರ ತಾಯಿಯನ್ನೂ ಬೀಳಿಸುತ್ತೇನೆ. ಇದನ್ನು ಬರೆಯುವಾಗಲೂ ಕೈ ಅತ್ತಲೇ ಎಳೆಯುತ್ತಿದೆ. ಎಳೆದಲ್ಲೆಲ್ಲ ತಿದ್ದುತ್ತ ಹೋಗುತ್ತೇನೆ, ತಾಳಿಕೊಳ್ಳಿ.

ಪೈಲ್ ಎಂಬ ಕಾಂಕ್ರೀಟಿನ ಕಾಲನ್ನು ಭೂಮಿಯೊಳಗೆ ಇಳಿಸಲು ಎರಡು ದಾರಿ ಎಂದು ಕಾಕಾ ಹೇಳುತ್ತಿದ್ದ. ಮೊದಲೇ ಎರಕ ಹೊಯ್ದ ಕಂಬವನ್ನು ಮೇಲಿಂದ ಬಡಿದು ಇಳಿಸುವುದು ಒಂದು. ಮಣ್ಣು ತೆಗೆದು ಆ ಗುಂಡಿಯಲ್ಲೇ ಎರಕ ಹೊಯ್ಯುವುದು ಇನ್ನೊಂದು. ಬಡಿಯುವುದನ್ನು ಅವನು ಉದಗೀರದ ಕಡೆ ಒಂದು ಸೇತುವೆಯ ಕೆಲಸದಲ್ಲಿ ನೋಡಿದ್ದ. ಕೊರೆಯುವುದನ್ನು ಯೆಣೆಗೂರದ ಹತ್ತಿರ ಹೈವೇ ಕೆಲಸಕ್ಕೆ ಹೋದಾಗ ದೊಡ್ಡ ಮಷೀನಿನ ಪಕ್ಕ ನಿಂತು ಕಲಿತಿದ್ದ. ನಮ್ಮ ಬಳಿ ಆ ಮಷೀನು ಎಲ್ಲಿಂದ ಬರಬೇಕು? ನಮ್ಮದು ಗಿರಮಿಟ. ಉದ್ದನೆಯ ಸಲಾಕೆಗೆ ತಿರುಪಿನ ಅಲಗು ಕೂಡಿಸಿದ್ದು. ನಾಲ್ಕು ಜನ ಹಿಡಿದು ಗಾಣದ ಎತ್ತಿನಂತೆ ಸುತ್ತಿದರೆ ಅದು ಮಣ್ಣನ್ನು ಕೊರೆದು ಮೇಲೆ ತರುತ್ತದೆ. ಅದು ಹೈವೇ ಮಷೀನಿನ ಹಿರಿಯಣ್ಣ ಎಂದು ನಾನು ಗೆಳೆಯರಿಗೆ ಹೇಳುತ್ತಿದ್ದೆ.

ಬೇಕಾದ ಆಳ ಮುಟ್ಟಿದ ಮೇಲೆ ಇನ್ನೊಂದು ಸಾಧನ ಇಳಿಸುತ್ತಾರೆ. ತಳಕ್ಕೆ ಹೋಗಿ ಒತ್ತಿದರೆ ಅದರ ಅಲಗುಗಳು ಕೊಡೆಯಂತೆ ಬಿಚ್ಚಿಕೊಳ್ಳುತ್ತವೆ. ತಿರುಗಿಸುತ್ತ ಹೋದರೆ ಗುಂಡಿಯ ತಳ ಗಡಿಗೆಯ ಹೊಟ್ಟೆಯಷ್ಟು ಅಗಲವಾಗುತ್ತದೆ. ಅಲ್ಲಿ ಕಾಂಕ್ರೀಟ್ ತುಂಬಿತೆಂದರೆ ಮನೆಗೆ ಪಾದ ಬಂದ ಹಾಗೆ, ಮೇಲಿನ ಎರೆ ಉಬ್ಬಿದರೂ ಕುಗ್ಗಿದರೂ ಗೋಡೆ ಕದಲುವುದಿಲ್ಲ. ಆದರೆ ತಳ ಸ್ವಚ್ಛ ಇರಬೇಕು. ಸಡಿಲ ಮಣ್ಣಿನ ಮೇಲೆ ನಿಂತ ಪಾದ ಅರಳೆಯ ಗಾದಿಯ ಮೇಲೆ ನಿಂತಂತೆ, ಇಂದಲ್ಲ ನಾಳೆ ಕೂರುತ್ತದೆ.

ತಳ ನೋಡಲು ಕನ್ನಡಿ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಗುಂಡಿಯೊಳಗೆ ಬಿಟ್ಟರೆ ಕೆಳಗಿನ ಇರುವೆಯೂ ಕಾಣುತ್ತದೆ. ಆ ಕನ್ನಡಿ ನನ್ನ ಕೈಗೆ ಬಂತು. ನನ್ನಂಥವನ ಕೈಗೆ! ರಸ್ತೆಯಲ್ಲಿ ಹೋಗುವ ಎಸ್ಟಿ ಬಸ್ಸಿನ ಕಂಡಕ್ಟರನ ಮೂಗಿನ ಮೇಲೆ ಬಿಸಿಲು ಕುಣಿಸಿದೆ. ನಿಮ್ಮ ಮಾವನ ಟಗರಿನ ಕಣ್ಣಿಗೆ ಬಿಟ್ಟೆ, ಅದು ಗೋಣಿಚೀಲವನ್ನು ಗುಮ್ಮಿತು. ಎಲ್ಲರೂ ನಕ್ಕರು, ಕಾಕಾ ಒಬ್ಬನ ಹೊರತು.

"ಮೊದಲ ಆ ಮಣ್ಣ ದೂರ ಒಯ್ದು ಹಾಕೋ. ಗುಂಡಿ ಬಾಯಾಗ ರಾಶಿ ಇಡಬ್ಯಾಡ ಅಂತ ಎಷ್ಟ ಸರ್ತಿ ಹೇಳ್ಬೇಕು? ಆಮ್ಯಾಲ ನಿನ್ನ ತಮಾಷಾ."

"ಒಯ್ತೀನಿ ಕಾಕಾ, ಒಯ್ತೀನಿ. ಮಣ್ಣೇನ ಓಡಿಹೋಗ್ತದ?"

ಒಯ್ಯಲಿಲ್ಲ.

ಅಡುಗೆಕೋಣೆಯ ಮೂಲೆ ಕೊನೆಗೆ ಉಳಿದಿತ್ತು. ಅಷ್ಟು ಹೊತ್ತಿಗೆ ನೀವು ಬಂದಿರಿ. ಮದುವೆಯಾಗಿ ಜಳಕೋಟದಿಂದ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ತಲೆಯ ಮೇಲಿನ ಸೆರಗು ಜಾರದಂತೆ ಹಲ್ಲಲ್ಲಿ ಕಚ್ಚಿಕೊಂಡಿದ್ದಿರಿ. ನಿಮ್ಮ ಅತ್ತೆ ಭೀಮಾ ಮಾಮಿ ಬೀರಪ್ಪನ ಗುಡಿಯಿಂದ ತಂದ ಭಂಡಾರವನ್ನು, ಆ ಅರಿಶಿಣವನ್ನು, ನಿಮ್ಮ ಬೊಗಸೆಗೆ ಸುರಿದರು. ಅವರ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ನೀನಽ ಹಾಕವ್ವ. ಒಲಿ ಇರೋ ಮೂಲಿ. ಇದು ನಿಂದು."

ಕಾಕಾ ತಳ ಗೋರಿಸಿ, ಕನ್ನಡಿಯಲ್ಲಿ ತಾನೇ ನೋಡಿ ತಲೆಯಾಡಿಸಿದ್ದ. ನೀವು ಭಂಡಾರ ಬಿಟ್ಟಿರಿ. 'ಬೀರಪ್ಪನ ಹೆಸರಿನಾಗ ಚಾಂಗಭಲಾ!' ಎಂದು ಎಲ್ಲರೂ ಕೂಗಿದರು. ನಾನು ಕನ್ನಡಿ ಹಿಡಿದೆ. ಆ ಕರಿ ಗುಂಡಿಯ ತಳದಲ್ಲಿ ಅಂಗೈಯಷ್ಟು ಹಳದಿ — ಕತ್ತಲಲ್ಲಿ ಯಾರೋ ದೀಪ ಇಟ್ಟ ಹಾಗೆ ಕಂಡಿತು. ಇದನ್ನು ಹಿಗ್ಗಿಸಿ ಹೇಳುತ್ತಿಲ್ಲ. ಹಾಗೆಯೇ ಇತ್ತು.

ಭಂಡಾರ ಬಿದ್ದ ಮೇಲಿನ ಕಟ್ಟುಪಾಡು ನಿಮಗೆ ಗೊತ್ತು. ಆ ಗುಂಡಿ ದೇವರದು. ಅದರೊಳಗೆ ಇಳಿಸಬಹುದು, ಅದರಿಂದ ಎತ್ತುವ ಹಾಗಿಲ್ಲ. ಕಬ್ಬಿಣದ ಸಳಿಯ ಪಂಜರ ಇಳಿಯುತ್ತದೆ, ಕಾಂಕ್ರೀಟ್ ಇಳಿಯುತ್ತದೆ. ಮೇಲಕ್ಕೆ ಒಂದು ಹಿಡಿ ಮಣ್ಣೂ ಬರಕೂಡದು.

ಪಂಜರ ರಸ್ತೆಯ ಬದಿಯಲ್ಲಿತ್ತು. ಗಂಡಸರೆಲ್ಲ ಅದನ್ನು ಹೊತ್ತು ತರಲು ಹೋದರು. ಗುಂಡಿಯ ಸುತ್ತ ನೀವು, ಓಣಿಯ ನಾಲ್ಕಾರು ಹೆಂಗಸರು, ಮಕ್ಕಳು. ಅಂಥ ಸಭೆ ಸಿಕ್ಕರೆ ನನಗೆ ಸುಮ್ಮನಿರಲು ಬರುತ್ತದೆಯೇ? ಕಾಂಕ್ರೀಟ್ ಬಿಡುವ ಪೈಪು ಅಲ್ಲೇ ಬಿದ್ದಿತ್ತು. ಎತ್ತಿ ಒಂದು ತುದಿಯನ್ನು ಗುಂಡಿಯೊಳಗೆ ಇಳಿಬಿಟ್ಟು ಇನ್ನೊಂದಕ್ಕೆ ಬಾಯಿ ಹಚ್ಚಿದೆ.

"ಯಾರ್ರವ್ವಾ ಅದು ಮ್ಯಾಲ? ನನ್ನ ಕಣ್ಣಾಗ ಅರಿಶಿಣ ಬಿತ್ತಲ್ರವ್ವಾ!"

ಬೀರಪ್ಪನೇ ಮಾತಾಡಿದ ಹಾಗೆ ಗುಂಡಿ ಗುಡುಗಿತು. ಮಕ್ಕಳು ಕಿರುಚಿದರು. ಒಬ್ಬ ಅಜ್ಜಿ ಕೈ ಮುಗಿದೇಬಿಟ್ಟಳು, ಆಮೇಲೆ ತಿಳಿದು ನನಗೆ ಚಪ್ಪಲಿ ತೋರಿಸಿದಳು. ಮತ್ತು ನೀವು ನಕ್ಕಿರಿ, ವೈನಿ. ಸೆರಗಿನೊಳಗೆ, ಸದ್ದಿಲ್ಲದೆ. ಹೊಸ ಸೊಸೆ ನಕ್ಕಳು ಎಂಬ ಹಮ್ಮು ನನ್ನ ತಲೆಗೇರಿತು. ದೇವರು ಮೈಮೇಲೆ ಬಂದವನಂತೆ ಕುಣಿಯಲು ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ —

ಕಾಲಿಟ್ಟದ್ದು ಆ ಮಣ್ಣಿನ ರಾಶಿಯ ಮೇಲೆ.

ಅದು ಗುಂಡಿಯೊಳಗೆ ಜಾರಿತು. ಒಣ ಮಣ್ಣು, ಹೆಂಟೆ, ಎಲ್ಲ. ನಗುವಿನ ನಡುವೆ ಯಾರಿಗೂ ಕೇಳಲಿಲ್ಲ. ನಿಮಗೆ ಕೇಳಿತು.

"ಒಳಗ ಏನೋ ಬಿತ್ತಲ್ಲ?" ಎಂದಿರಿ.

"ಬೀರಪ್ಪ ನಕ್ಕ ವೈನಿ, ಮತ್ತೇನಿಲ್ಲ."

ಮತ್ತೆ ನಗು. ನೀವೂ ನಕ್ಕಿರಿ, ಆದರೆ ಕಣ್ಣು ಗುಂಡಿಯ ಮೇಲೇ ಇತ್ತು.

ಪಂಜರ ಬಂತು. ಕಾಕಾ ಅವಸರದಲ್ಲಿದ್ದ, ಅತ್ತ ಕಾಂಕ್ರೀಟಿನ ಮಾಲು ಕಲೆಸಿ ಆಗಿತ್ತು. "ಏ, ಕನ್ನಡಿ ಹಿಡಿ. ಇನ್ನೊಂದ ಸಲ ನೋಡಿಬಿಡು" ಎಂದ. ಹಿಡಿದೆ. ನೋಡಿದೆ. ಹಳದಿ ಇರಲಿಲ್ಲ. ಬರೀ ಕಪ್ಪು. ಕನ್ನಡಿಯನ್ನು ಅತ್ತಿತ್ತ ಹೊರಳಿಸಿದೆ, ಒಂದು ಮೂಲೆಯಲ್ಲಾದರೂ ಇಣುಕೀತು ಎಂದು… ಇಲ್ಲ.

ಹೇಳಿದ್ದರೆ ಏನಾಗುತ್ತಿತ್ತು? ಆ ಮಣ್ಣು ಎತ್ತಬೇಕಾಗುತ್ತಿತ್ತು. ಎತ್ತಿದರೆ ಅದರೊಂದಿಗೆ ನಿಮ್ಮ ಭಂಡಾರ ಬರುತ್ತಿತ್ತು. ಮಾಳಪ್ಪ ಮಾಮಾ ಕೆಲಸ ನಿಲ್ಲಿಸಿ ಗುಡಿಗೆ ಹೋಗಿ ಅಪ್ಪಣೆ ಕೇಳುತ್ತಿದ್ದ. ದೇವರ ಹೆಸರಿನಲ್ಲಿ ಪೈಪು ಊದಿದವನು ಯಾರು ಎಂಬುದು ಊರಿಗೆಲ್ಲ ಗೊತ್ತಾಗುತ್ತಿತ್ತು. ನಾಲ್ಕು ಬೈಗಳು, ಕಾಕಾನದೊಂದು ಏಟು. ಅಷ್ಟೇ ಇದ್ದದ್ದು. ಅಷ್ಟಕ್ಕೆ ಹೆದರಿದೆ.

"ಸ್ವಚ್ಛ ಅದ ಕಾಕಾ. ಅರಿಶಿಣ ಹಂಗ ಕಾಣಸ್ತದ."

ಪಂಜರ ಇಳಿಯಿತು. ಕಾಂಕ್ರೀಟ್ ಇಳಿಯಿತು.

ಒಂದು ಮಳೆಗಾಲ ಕಳೆಯಿತು. ನಿಮ್ಮ ಮನೆಯ ಉಳಿದ ಮೂಲೆಗಳು ಕದಲಲಿಲ್ಲ. ಅಡುಗೆಕೋಣೆಯ ಕಿಟಕಿಯಿಂದ ಓರೆಯಾಗಿ ಕೆಳಗಿಳಿದ ಬಿರುಕಿನಲ್ಲಿ ಮಾತ್ರ ಬೆರಳು ತೂರುತ್ತಿತ್ತು. ಕಾಕಾ ಬಂದು ಬಿರುಕಿನಲ್ಲಿ ಬೆರಳಿಟ್ಟು ನೋಡಿ ಹೋದ. ಮುಂದಿನದನ್ನು ನಾನು ಅವ್ವನ ಬಾಯಿಂದ ಕೇಳಿದೆ. ನಿಮ್ಮ ಅತ್ತೆ ಬಾವಿಯ ಹತ್ತಿರ ಅಂದಿದ್ದರಂತೆ: "ಎಲ್ಲಾ ಮೂಲಿ ಗಟ್ಟಿ ಅವ. ಆಕಿ ಕೈ ಹಚ್ಚಿದ್ದ ಮೂಲಿನಽ ಒಡದದ ನೋಡ್ರವ್ವಾ."

ಆಮೇಲೆ ನಿಮಗೆ ಭಂಡಾರ ಮುಟ್ಟಲು ಕೊಡಲಿಲ್ಲ. ಕುರಿ ಮರಿ ಹಾಕುವಾಗ ದೊಡ್ಡಿಯ ಕಡೆ ಬರಬೇಡ ಎಂದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಆ ಪೈಪಿನ ಕಥೆಯನ್ನು ಕಾಲೇಜಿನಲ್ಲಿ ಹೇಳಿ ನಗಿಸುತ್ತಿದ್ದೆ, ಮಣ್ಣು ಬಿದ್ದ ಭಾಗವನ್ನು ಬಿಟ್ಟು.

ಹೋದ ಬೇಸಿಗೆಯಲ್ಲಿ ನಿಮ್ಮ ಮೈದುನನ ಮದುವೆ. ಅರಿಶಿಣ ಹಚ್ಚುವಾಗ ಯಾರೋ ಹೊರಗಿನ ಹೆಂಗಸು, ಏನೂ ತಿಳಿಯದವಳು, ಬಟ್ಟಲನ್ನು ನಿಮ್ಮ ಮುಂದೆ ಹಿಡಿದಳು. ಅತ್ತೆ ಹತ್ತಿರವಿರಲಿಲ್ಲ. ಬೇಡ ಎನ್ನುವವರು ಯಾರೂ ಇರಲಿಲ್ಲ. ನೀವೇ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿರಿ.

"ಬ್ಯಾಡ್ರೀ. ನನ್ನ ಕೈ ಸರಿ ಇಲ್ಲ."

ನಾನು ಊಟದ ಪಂಕ್ತಿಯಲ್ಲಿ ಬಕೆಟ್ಟು ಹಿಡಿದು, ಮುದುಕರನ್ನು ನಗಿಸುತ್ತ ಸಾರು ಬಡಿಸುತ್ತಿದ್ದೆ. ಅಲ್ಲಿಂದಲೇ ಕೇಳಿತು. ಬೇರೆಯವರು ಅಂದದ್ದನ್ನು ನೀವು ನಂಬಿಬಿಟ್ಟಿದ್ದಿರಿ… ಆಮೇಲೆ ಯಾರಿಗೆ ಏನು ಬಡಿಸಿದೆನೋ ತಿಳಿಯದು.

ಮದುವೆಯ ಗದ್ದಲ ಮುಗಿದ ಮೇಲೆ ಧೈರ್ಯ ಮಾಡಿ ನಿಮ್ಮ ಮನೆಗೆ ಬಂದೆ. ನಿಮಗೆ ನೆನಪಿರಬೇಕು. ಕಟ್ಟೆಯ ಮೇಲೆ ಕೂತು ಹೇಳಲು ಶುರುಮಾಡಿದೆ. ಮೊದಲ ಮಾತಿಗೇ ಮಾಳಪ್ಪ ಮಾಮಾನ ಮೀಸೆ ನಗುವಿಗೆ ಅಲುಗಿತು. ಅಷ್ಟು ಸಾಕಾಯಿತು ನನಗೆ. ಮಾತಿನೊಳಗೆ ಟಗರು ಬಂತು, ಕಂಡಕ್ಟರ್ ಬಂದ, ಚಪ್ಪಲಿಯ ಅಜ್ಜಿ ಬಂದಳು. ಬಿದ್ದ ಮಣ್ಣು ಒಂದು ಟ್ರ್ಯಾಕ್ಟರ್ ಆಯಿತು. ಮಾಮಾ ಕೆಮ್ಮು ಬರುವ ತನಕ ನಕ್ಕ.

"ಖರೇನ ಮಾಮಾ, ನಾನಽ ಕೆಡವಿದ್ದು" ಎಂದೆ.

"ಹೌದಪಾ, ಹೌದು. ನಾಳಿ ಮಳಿ ಬರಲಿಲ್ಲಂದ್ರ ಅದೂ ನೀನಽ ತಡದೀ!" ಎಂದರು ನಿಮ್ಮ ಅತ್ತೆ. "ಏ ಸುವರ್ಣಾ, ಈ ಮಾತಿನ ಮಲ್ಲಗ ಚಹಾ ಕೊಡ."

ನೀವು ಚಹಾ ತಂದಿರಿ. ನೀವೊಬ್ಬರೇ ನಗುತ್ತಿರಲಿಲ್ಲ. ಕಪ್ಪು ಇಟ್ಟು, ನನಗೊಬ್ಬನಿಗೇ ಕೇಳುವ ಹಾಗೆ ಅಂದಿರಿ:

"ನಾ ಅವತ್ತ ಕೇಳಿದ್ದೆ."

ಒಳಗೆ ಹೋದಿರಿ. ಚಹಾ ಅಲ್ಲೇ ಬಿಟ್ಟು ಎದ್ದೆ.

ನೆಟ್ಟಗೆ ಕಾಕಾನ ಬಳಿ ಹೋದೆ. ಅವನು ಗಿರಮಿಟದ ಅಲಗಿಗೆ ಸಾಣೆ ಹಿಡಿಯುತ್ತಿದ್ದ. ಹೇಳಲು ಹೋದಾಗ ಅಲ್ಲಿಯೂ ಟಗರು ಬಂತು. "ನಗಸಬ್ಯಾಡ, ಮೊದಲಿಂದ ಹೇಳು" ಎಂದ. ಮತ್ತೆ ಹೇಳಿದೆ, ಮತ್ತೆ ಅಜ್ಜಿ ಬಂದಳು. "ನಗಸಬ್ಯಾಡ" ಎಂದ. ಕೊನೆಗೆ ಉಳಿದದ್ದು ಮೂರೇ ಮಾತು — ಮೇಲೆ ಮೊದಲಿಗೆ ಬರೆದೆನಲ್ಲ, ಅವೇ.

ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಸಾಣೆಕಲ್ಲು ಕೆಳಗಿಟ್ಟ.

"ಆ ಮೂಲಿ ನೆನಪಾದಾಗೆಲ್ಲ ನಾ ನನ್ನ ಕೈ ನೋಡ್ಕೋತಿದ್ದೆ. ತಳದ ಗಡಿಗಿ ಸಣ್ಣದಾತೋ, ಮಾಲ್ ತೆಳುವಾತೋ ಅಂತ. ಆ ಹುಡುಗಿನೂ ತನ್ನ ಕೈ ನೋಡ್ಕೋತಾ ಕುಂತಾಳ. ನೀ ಒಬ್ಬಾಂವಽ ನಿನ್ನ ಕಾಲ ನೋಡ್ಕೋಲಿಲ್ಲ."

ಅವನ ಮಾತು ಕೇಳಿ ಇದನ್ನು ಬರೆಯಲು ಕೂತೆ.

ನಮ್ಮದು ಗಡಿ ಸೀಮೆ; ನಿಮಗೆ ಓದಲು ಬರುವುದು ಮರಾಠಿ, ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಆದ್ದರಿಂದ ಇದನ್ನು ನಾನೇ ಬಂದು ಓದಬೇಕು. ಬಾಯಿಗೆ ಬಂದಂತೆ ಹೇಳಿದರೆ ಮತ್ತೆ ಟಗರು ಬರುತ್ತದೆ ಎಂದೇ ಬರೆದಿಟ್ಟುಕೊಂಡೆ. ನಿಮ್ಮ ಅಂಗಳದಲ್ಲಿ, ಮಾಮಾ, ಮಾಮಿ, ಬಾವಿಯ ಹತ್ತಿರ ಆ ಮಾತು ಕೇಳಿದ ಹೆಂಗಸರು, ಎಲ್ಲರ ಎದುರು. ಕಾಕಾ ಪಕ್ಕದಲ್ಲಿ ನಿಲ್ಲುತ್ತೇನೆ ಎಂದಿದ್ದಾನೆ. ಯಾರಾದರೂ ನಕ್ಕರೆ ನಗು ನಿಲ್ಲುವ ತನಕ ಸುಮ್ಮನಿದ್ದು ಮತ್ತೆ ಮೊದಲಿನಿಂದ ಓದುತ್ತೇನೆ.

ಮಾಮಾ ಒಪ್ಪಿದರೆ ಆ ಮೂಲೆಯ ಎರಡೂ ಬದಿಗೆ ಹೊಸ ಪೈಲ್ ಹಾಕಿ, ಗೋಡೆಯ ಕೆಳಗೆ ಬೀಮು ಕೊಟ್ಟು ಭಾರವನ್ನು ಅವುಗಳ ಮೇಲೆ ತರಬಹುದು ಎನ್ನುತ್ತಾನೆ ಕಾಕಾ. ಬಿರುಕು ಮುಚ್ಚೀತು. ಸೆರಗಿನೊಳಗೆ ಸೇರಿದ ನಿಮ್ಮ ಕೈ ಹೊರಗೆ ಬಂದೀತು ಎಂದು ಹೇಳುವ ಯೋಗ್ಯತೆ ನನಗಿಲ್ಲ. ಭಂಡಾರ ನೀವೇ ಹಾಕಿ ಎಂದು ಕೇಳುವ ಬಾಯಿಯೂ ನನಗಿಲ್ಲ. ಹಾಕುವುದು, ಬಿಡುವುದು ನಿಮಗೆ ಸೇರಿದ್ದು. ಕನ್ನಡಿಯನ್ನು ಮಾತ್ರ ನಿಮ್ಮ ಹೊಸ್ತಿಲಲ್ಲಿ ಇಟ್ಟಿರುತ್ತೇನೆ. ಬೇಕೆನಿಸಿದರೆ ನೀವೇ ಹಿಡಿದು ಹೊಸ ಗುಂಡಿಯ ತಳ ನೋಡಿ. ನನ್ನ ಮಾತು ನಂಬಬೇಡಿ.

ನಾನು ಗುಂಡಿಯ ಹತ್ತಿರ ನಿಲ್ಲುವುದಿಲ್ಲ. ಕೊರೆದು ಬಂದ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ಬೇಲಿಯಾಚೆ ಒಯ್ದು ಹಾಕುತ್ತೇನೆ. ಅಂದು ನನಗೆ ಹೇಳಿದ್ದೂ ಅದೊಂದೇ ಕೆಲಸ.