ಮಿಡಿಸೌತೆಗೆ ಅಡ್ಡ ಬಿದ್ದ ಮುಳ್ಳು

ಕೊರೋನಾ ಬಂದ ವರ್ಷ ಹೊಸಹಳ್ಳಿ ಹತ್ತಿರದ ನಮ್ಮೂರ ದಾರಿಗೆ ದೊಡ್ಡಪ್ಪ ಬಳ್ಳಾರಿ ಜಾಲಿಯ ಮುಳ್ಳು ಕಡಿಸಿ ಅಡ್ಡ ಹಾಕಿಸಿದರು. "ಹೊರದೇಶದ್ದು ಏನೂ ಬ್ಯಾಡ ನಮಗ" ಅಂದರು.

ಅವರ ಹೊಲದಲ್ಲಿದ್ದದ್ದು ಮಿಡಿಸೌತೆ. ನಾವ್ಯಾರೂ ತಿನ್ನದ ಆ ಕಾಯಿ ಉಪ್ಪಿನಕಾಯಿಗೆಂದು ಹೋಗುವುದೇ ಹೊರದೇಶಕ್ಕೆ. ದಿನಾ ಒಯ್ಯುವ ಕಂಪನಿ ಗಾಡಿ ಮುಳ್ಳು ನೋಡಿ ಎರಡು ದಿನ ವಾಪಸ್ ಹೋಯಿತು. ಕಂಪನಿ ಕೊಳ್ಳುವುದು ಬೆರಳಿನಷ್ಟು ಕಾಯಿಯನ್ನೇ; ಅದು ಮುಂಗೈಯಷ್ಟು ದಪ್ಪವಾಗಿ ಎಮ್ಮೆಯ ಪಾಲಾಯಿತು.

"ಸಂತಿ ತಗದಿದ್ರೂ ಈ ಕಾಯಿ ಯಾರೂ ಕೇಳೂದಿಲ್ಲ ದೊಡ್ಡಪ್ಪ, ಒಯ್ಯೋರು ಆ ಕಂಪನಿಯವರೊಬ್ಬರ" ಎಂದು ಹೇಳಿ ಹೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಮೂರನೇ ದಿನ ಅವರೇ ಹೋಗಿ ಮುಳ್ಳು ಎಳೆದರು. ಅಂಗೈಗೆ ಚುಚ್ಚಿತು. "ಈ ಹಾಳಾದ ಜಾಲಿ ಎಲ್ಲಿಂದ ಬಂತೋ" ಎಂದು ಬೈದರು.

ಹೆಸರಲ್ಲಿ ಬಳ್ಳಾರಿ ಇದ್ದರೂ ಅದೂ ಹೊರದೇಶದಿಂದ ಬಂದದ್ದೇ ಎಂದು ಹೇಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.