ಮೆಟ್ಟಿಲ ಕೆಳಗಿನ ಪ್ಲಗ್ ಪಾಯಿಂಟ್

ಆರ್ಕಿಟೆಕ್ಟ್ ಎಂಬ ನೋಂದಣಿ ಉಳಿಯಬೇಕಾದರೆ ಇಂತಿಷ್ಟು ಗಂಟೆ ತರಬೇತಿ ಮುಗಿಸಲೇಬೇಕು. ಮೂವತ್ತು ವರ್ಷ ಮನೆ ಕಟ್ಟಿಸಿದವನಿಗೆ ಮತ್ತೆ ಪಾಠವೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆನ್‌ಲೈನ್ ಕ್ಲಾಸಿಗೆ ಸೇರಿ, ಕ್ಯಾಮೆರಾ ಆರಿಸಿ, ನನ್ನ ಪಾಡಿಗೆ ನಾನಿರುತ್ತಿದ್ದೆ. ನಡುನಡುವೆ ಪರದೆಯ ಮೇಲೆ ಹಾಜರಿ ಕೇಳುತ್ತಾರೆ, ಬೆರಳಲ್ಲಿ ಒತ್ತಿದರೆ ಆಯಿತು. ಯಾರಾದರೂ ಮರೆತಾರೆಂದು ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗುಂಪಿನಲ್ಲಿ "ಒತ್ರೋ, ಒತ್ರೋ" ಎಂದು ಎಚ್ಚರಿಸುವವರಿದ್ದರು. ನಾನೂ ಎಚ್ಚರಿಸಿದ್ದೇನೆ.

ಕಳೆದ ತಿಂಗಳು ಬಸವೇಶ್ವರನಗರದ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಹಾಗೆಯೇ ಕೂತಿದ್ದೆ. ಪಾಠ ಬೆಂಕಿಯ ಬಗ್ಗೆ. ಪಾಠ ಮಾಡುವಾಕೆ ನನ್ನ ಮಗಳ ವಯಸ್ಸಿನವಳು. ಮೆಟ್ಟಿಲ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ಹೊತ್ತಿಕೊಂಡರೆ ಹೊಗೆ ನುಗ್ಗುವುದು ಮೆಟ್ಟಿಲ ದಾರಿಯಲ್ಲೇ, ಮೇಲಿನವರು ಇಳಿಯುವಂತಿಲ್ಲ ಎಂದಳು.

ನನ್ನ ಕೈ ನಿಂತುಹೋಯಿತು. ಎರಡು ವರ್ಷದ ಹಿಂದೆ ಹೇರೋಹಳ್ಳಿಯಲ್ಲಿ ಮೂರು ಮಹಡಿಯ ಮನೆಗೆ ನಕ್ಷೆ ಮಾಡಿಕೊಟ್ಟಿದ್ದೆ. ಇರುವುದು ಒಂದೇ ಮೆಟ್ಟಿಲು. ಅದರ ಕೆಳಗಿನ ಜಾಗ ವೇಸ್ಟ್ ಆಗಬಾರದೆಂದು, ಯಾರೂ ಕೇಳದಿದ್ದರೂ ನಾನೇ ಸ್ಕೂಟರಿಗೆ ಪ್ಲಗ್ ಪಾಯಿಂಟ್ ಹಾಕಿಸಿದ್ದೆ. ಎಂಥ ಜಾಣ! ಕಳ್ಳರ ಭಯಕ್ಕೆ ಕಿಟಕಿಗಳಿಗೆಲ್ಲ ಗ್ರಿಲ್ ಬೇರೆ. ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಗಂಡಹೆಂಡತಿಗೆ ಒಂದು ಕೂಸಿದೆ.

ಹೆಂಡತಿಗೆ ಹೇಳಿದೆ. "ಮೊದ್ಲು ಹೋಗಿ ಹೇಳ್ಬನ್ನಿ. ತಪ್ಪು ಒಪ್ಕೊಂಡ್ರೆ ತಲೆಯೇನೂ ಹೋಗಲ್ಲ" ಅಂದಳು.

ಮರುದಿನ ಬೆಳಿಗ್ಗೆಯೇ ಹೋದೆ. ಮೆಟ್ಟಿಲ ಕೆಳಗೆ ಸ್ಕೂಟರ್ ಚಾರ್ಜ್ ಆಗುತ್ತಿತ್ತು. ಮನೆಯ ಒಡತಿ ನಿವೃತ್ತ ಟೀಚರ್. ವಿಷಯ ಕೇಳಿ ಅವರ ಮುಖ ಇಳಿಯಿತು.

"ಆ ಪ್ಲಗ್ ನೋಡೇ ಕೆಳಗಿನ ಮನೆಯವರು ಬಾಡಿಗೆಗೆ ಬಂದಿದ್ದು ಸಾರ್. ನೀವೇ ತಾನೆ ಹಾಕಿಸಿದ್ದು?"

"ಹೌದಮ್ಮ, ತಪ್ಪಾಯ್ತು."

"ಬಾಯಲ್ಲಿ ಹೇಳಿದ್ರೆ ಅವರು ನಂಬಲ್ಲ. ಖಾಲಿ ಮಾಡ್ಸೋಕೆ ನೆಪ ಹುಡುಕ್ತಾ ಇದಾರೆ ಅಂತಾರೆ. ತಪ್ಪು ನಂದೇ ಅಂತ ಬರೆದು ಸಹಿ ಹಾಕ್ಕೊಡಿ, ಸಂಜೆನೇ ತೆಗೆಸ್ತೀನಿ."

ಜೇಬಿನಲ್ಲಿ ಪೆನ್ನಿತ್ತು. ಆ ಕಾಗದ ಯಾರ ಕೈ ಸೇರೀತು, ನನ್ನ ನೋಂದಣಿ ಉಳಿದೀತೇ ಎಂಬುದೊಂದೇ ತಲೆಯಲ್ಲಿ. "ಆಫೀಸಿಂದ ಲೆಟರ್‌ಹೆಡ್‌ನಲ್ಲಿ ಕಳಿಸ್ತೀನಿ" ಎಂದುಬಿಟ್ಟೆ.

"ಅಲ್ಲೀವರೆಗೂ ಏನೂ ಆಗಲ್ಲ ಅಲ್ವಾ ಸಾರ್?"

"ಏನೂ ಆಗಲ್ಲಮ್ಮ."

ಅದಾಗಿ ಇಪ್ಪತ್ತು ದಿನ. ತರಬೇತಿ ಮುಗಿಸಿದ ಸರ್ಟಿಫಿಕೇಟ್ ಬಂದಿದೆ. ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು! ಕಳಿಸಿದ್ರಾ ಎಂದು ಹೆಂಡತಿ ಕೇಳಿದಾಗ ಹ್ಞೂಂ ಅಂದೆ. ಬೆಳಿಗ್ಗೆ ಎದ್ದ ಕೂಡಲೇ ಪೇಪರ್ ಬಿಡಿಸಿ, ಹೇರೋಹಳ್ಳಿಯ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕುತ್ತೇನೆ.